ಹಿಂಬದಿ ತಿರುಗಿಸಿ ಕೊಳ್ಳಿ: ಬೆಂಗಳೂರಿನಲ್ಲಿ ‘ಪರ್ಷಿಯನ್’ ಹೆಸರಲ್ಲಿ ಸಿಗುವ ನಾಲ್ಕು ಬಗೆಯ ಬಟ್ಟೆ

ಕಮರ್ಷಿಯಲ್ ಸ್ಟ್ರೀಟ್, ಇನ್‌ಫೆಂಟ್ರಿ ರಸ್ತೆ, ಚಿಕ್ಕಪೇಟೆ, ಆಗಾಗ ನಡೆಯುವ ಕರಕುಶಲ ಮೇಳಗಳು, ಎಲ್ಲಿ ಹೋದರೂ ಈಗ ‘ಪರ್ಷಿಯನ್’ ಎಂಬ ಚೀಟಿ ಹೊತ್ತ ಬಟ್ಟೆ ಕಣ್ಣಿಗೆ ಬೀಳುತ್ತದೆ. ಮೇಜಿನ ಮೇಲೆ ಹಾಸುವ ಅಚ್ಚಿನ ಹತ್ತಿ ಬಟ್ಟೆ, ಮಾವಿನಕಾಯಿ ಬುಟ್ಟಾ ತುಂಬಿದ ಉದ್ದನೆಯ ರನ್ನರ್, ಜರಿ ಹೊಳೆಯುವ ಬ್ರೊಕೇಡ್ ಕುಶನ್ ಕವರ್, ಪಾದ ಮುಟ್ಟುವ ಕಫ್ತಾನ್ – ಸಾಮಾನ್ಯವಾಗಿ ಈ ನಾಲ್ಕು ಬಗೆ. ಇದು ಒಂದು ಅಂಗಡಿಯ ವಿಮರ್ಶೆಯಲ್ಲ, ಮಾಲಿನ ವಿಮರ್ಶೆ. ಒಂದೇ ಮಾಲು ಹತ್ತು ಅಂಗಡಿಯಲ್ಲಿ ಹತ್ತು ಬೆಲೆಗೆ ಇರುವಾಗ ಅಂಗಡಿಯ ಹೆಸರು ಹೇಳಿ ಹೆಚ್ಚು ಪ್ರಯೋಜನವಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಇರಾನಿನ (ಹಳೆಯ ಹೆಸರು ಪರ್ಷಿಯಾ) ಇಸ್ಫಹಾನ್ ಊರಿನ ಖಲಮ್‌ಕಾರ್, ಅಂದರೆ ಆ ಅಚ್ಚಿನ ಹತ್ತಿ ಬಟ್ಟೆ, ನಿಜವಾದದ್ದು ಸಿಕ್ಕರೆ ಬಿಡಬೇಡಿ. ಅಲ್ಲಿನದೇ ಯಜ್ದ್ ಊರಿನ ತೆರ್ಮೆ, ಅಂದರೆ ಆ ಬುಟ್ಟಾ ರನ್ನರ್‌ನ ನೇಯ್ದ ಬಟ್ಟೆ, ಮೇಜಿಗೆ, ಗೋಡೆಗೆ ಬಹಳ ಚೆನ್ನ. ಹೊಲಿಸಿ ತೊಡುವುದಾದರೆ ವೇಸ್ಟ್‌ಕೋಟ್ ಒಂದಕ್ಕೆ ಮಾತ್ರ ಆದೀತು. ಬ್ರೊಕೇಡ್ ಕವರ್‌ಗಳನ್ನು ಪವರ್‌ಲೂಮ್ ಮಾಲು ಎಂದೇ ತಿಳಿದು, ಆ ಬೆಲೆಗೆ ಸಿಕ್ಕರೆ ಕೊಳ್ಳಿ. ಡಿಜಿಟಲ್ ಪ್ರಿಂಟ್ ಕಫ್ತಾನ್‌ಗೆ ಪರ್ಷಿಯಾದ ಹೆಸರಿಗೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ವಿನ್ಯಾಸಕ್ಕೆ ಊರಿನ ಹಂಗಿಲ್ಲ. ಮಾವಿನಕಾಯಿ ಬುಟ್ಟಾ ಇರಾನಿನ ಕೆರ್ಮಾನಿನ ಶಾಲಿನಲ್ಲಿದೆ, ಕಾಶ್ಮೀರದ ಶಾಲಿನಲ್ಲಿದೆ, ಸ್ಕಾಟ್‌ಲೆಂಡಿನ ಪೇಸ್ಲಿ ಪಟ್ಟಣದ ಮಗ್ಗದ ಶಾಲಿನಲ್ಲಿದೆ, ನಮ್ಮ ರೇಷ್ಮೆ ಸೀರೆಯ ಸೆರಗಿನಲ್ಲೂ ಇದೆ. ಮುಂಬದಿ ನೋಡಿ ಬಟ್ಟೆಯ ಊರು ಹೇಳುವುದು ಕಷ್ಟ. ನೂಲು ಹೇಗೆ ಓಡಿದೆ, ಬಣ್ಣ ಎಷ್ಟು ಆಳಕ್ಕೆ ಇಳಿದಿದೆ ಎನ್ನುವುದು ಹಿಂಬದಿಯಲ್ಲಿ ಕಾಣುತ್ತದೆ. ಪರ್ಷಿಯನ್ ನೇಕಾರರು ಎರಡು ಸಾವಿರ ವರ್ಷ ತಲೆ ಕೆಡಿಸಿಕೊಂಡದ್ದು ಆ ಹಿಂಬದಿಯ ಲೆಕ್ಕಕ್ಕೇ.

ಖಲಮ್‌ಕಾರ್: ಮೊದಲ ಆಯ್ಕೆ

ಇಸ್ಫಹಾನಿನ ನಕ್ಷ್-ಎ-ಜಹಾನ್ ಚೌಕದ ಉತ್ತರಕ್ಕಿರುವ ಕೈಸರಿಯೆ ಬಜಾರಿನ ಸುತ್ತಮುತ್ತ ಇವತ್ತಿಗೂ ಅಚ್ಚು ಹೊಡೆಯುವ ಸದ್ದು ಕೇಳುತ್ತದೆ. ಪರ್ಷಿಯಾದ ದೊರೆ ಶಾಹ್ ಅಬ್ಬಾಸ್ 1598ರಲ್ಲಿ ರಾಜಧಾನಿಯನ್ನು ಇಸ್ಫಹಾನಿಗೆ ತಂದ ಮೇಲೆ ಈ ಕೆಲಸಕ್ಕೆ ದೊಡ್ಡ ಮಾರುಕಟ್ಟೆ ಸಿಕ್ಕಿತು. ಅದೇ ಕಾಲದಲ್ಲಿ ಗೋಲ್ಕೊಂಡದ ಕುತುಬ್ ಶಾಹಿಗಳ ಬಂದರು ಮಚಲಿಪಟ್ಟಣದಿಂದ ಬಣ್ಣದ ಹತ್ತಿ ಬಟ್ಟೆ ಹಡಗು ಹತ್ತಿ ಪರ್ಷಿಯಾಕ್ಕೆ ಹೋಗುತ್ತಿತ್ತು. ಅಲ್ಲಿನವರ ರುಚಿಗೆ ತಕ್ಕ ಬಳ್ಳಿ, ಸೈಪ್ರೆಸ್ ಮರ, ಕಮಾನಿನ ವಿನ್ಯಾಸ ಇಲ್ಲಿಗೆ ಬರುತ್ತಿತ್ತು. ಹೀಗಾಗಿ ಮಚಲಿಪಟ್ಟಣದ ಬಳಿಯ ಪೆಡನದ ಕಲಂಕಾರಿಯನ್ನೂ ಇಸ್ಫಹಾನಿನ ಖಲಮ್‌ಕಾರನ್ನೂ ಪಕ್ಕಪಕ್ಕ ಇಟ್ಟರೆ ಒಡಹುಟ್ಟಿದವರ ಮುಖ. ಬೆಂಗಳೂರಿನ ಅಂಗಡಿಗಳಲ್ಲಿ ಆಗುವ ಅದಲುಬದಲಿಗೂ ಇದೇ ಮೂಲ. ಪೆಡನದ ಬಟ್ಟೆ ಕೀಳೇನಲ್ಲ, ಮಚಲಿಪಟ್ಟಣ ಕಲಂಕಾರಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೇ ಇದೆ. ಆದರೆ ಅದರ ಬೆಲೆ ಬೇರೆ, ಇದರ ಬೆಲೆ ಬೇರೆ.

ಕೆಲಸದ ಕ್ರಮ ಗೊತ್ತಿದ್ದರೆ ಪರೀಕ್ಷೆ ಸುಲಭ. ಮೊದಲು ಹತ್ತಿ ಬಟ್ಟೆಯ ಗಂಜಿ ಹೋಗುವಂತೆ ತೊಳೆದು, ದಾಳಿಂಬೆ ಸಿಪ್ಪೆಯಂಥ ಒಗರು ಪದಾರ್ಥದ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ಪೆಡನದಲ್ಲಿ ಇದೇ ಕೆಲಸಕ್ಕೆ ಅಳಲೆಕಾಯಿ ಬಳಸುತ್ತಾರೆ. ಈ ಒಗರು ಹತ್ತಿಯ ಎಳೆಗೆ ಹಿಡಿದುಕೊಂಡು ಮುಂದೆ ಬರುವ ಲೋಹದ ಲವಣವನ್ನು ಕಟ್ಟಿಹಾಕುತ್ತದೆ. ಆಮೇಲೆ ಬಣ್ಣಕ್ಕೊಂದರಂತೆ ಮರದ ಅಚ್ಚು, ಪೇರು ಜಾತಿಯ ಗಟ್ಟಿ ಮರದ್ದು. ಮೊದಲು ಕಪ್ಪಿನ ಗೆರೆ, ಅದು ಕಬ್ಬಿಣದ ದ್ರಾವಣ. ನಂತರ ಕೆಂಪಿನ ಜಾಗ, ಅದು ಪಟಕ (ಆಲಮ್). ಪಟಕ ಒತ್ತಿದ ಕಡೆ ಆ ಹೊತ್ತಿಗೆ ಕೆಂಪೇನೂ ಕಾಣುವುದಿಲ್ಲ. ಬಟ್ಟೆಯನ್ನು ಮಂಜಿಷ್ಠದ ಬೇರಿನ ಜೊತೆ ತಾಮ್ರದ ಹಂಡೆಯಲ್ಲಿ ಕುದಿಸಿದಾಗ ಪಟಕ ಇದ್ದಲ್ಲಿ ಮಾತ್ರ ಕೆಂಪು ಹಿಡಿಯುತ್ತದೆ, ಉಳಿದ ಕಡೆಯದು ತೊಳೆತಕ್ಕೆ ಬಿಟ್ಟುಹೋಗುತ್ತದೆ. ಬೇರಿನ ಬದಲು ಅದೇ ಬಣ್ಣದ ರಾಸಾಯನಿಕ ರೂಪವಾದ ಅಲಿಜರಿನ್ ಬಳಸುವುದೂ ಈಗ ಸಾಮಾನ್ಯ, ಅದನ್ನು ಮೋಸ ಎನ್ನಲಾಗದು. ನೀಲಿ, ಹಳದಿಗೆ ಬೇರೆ ಅಚ್ಚು. ತೊಳೆದ ಬಟ್ಟೆಯನ್ನು ಜಾಯಂದೆ ನದಿಯ ದಡದಲ್ಲಿ ಬಿಸಿಲಿಗೆ ಹರಡುವುದು ಹಳೆಯ ರೂಢಿ. ನೆಲದ ಬಣ್ಣ ತಿಳಿಯಾಗುವುದು ಆ ಬಿಸಿಲಿಗೆ.

ಈಗ ಅಂಗಡಿಯಲ್ಲಿ ನಿಂತು ಏನು ನೋಡಬೇಕು?

ನೆಲದ ಬಣ್ಣ ಕೆನೆ ಅಥವಾ ಹಾಲು ಬೆರೆಸಿದ ಚಹಾದ ಛಾಯೆಯಲ್ಲಿರಬೇಕು. ಟ್ಯೂಬ್‌ಲೈಟ್ ಕೆಳಗೆ ನೀಲಿ ಹೊಳೆಯುವ ಅಪ್ಪಟ ಬಿಳಿ ಇದ್ದರೆ ಅದು ಬ್ಲೀಚ್ ಮಾಡಿದ ಮಿಲ್ ಬಟ್ಟೆಯ ಮೇಲಿನ ಪಿಗ್ಮೆಂಟ್ ಪ್ರಿಂಟ್. ಬಟ್ಟೆ ತಿರುಗಿಸಿ. ಕಪ್ಪು, ಕೆಂಪು ಹಿಂಬದಿಗೂ ಸ್ಪಷ್ಟವಾಗಿ ಇಳಿದಿರಬೇಕು, ಮುಂಬದಿಗಿಂತ ಒಂದು ಛಾಯೆ ತಿಳಿಯಾಗಿ. ಪಿಗ್ಮೆಂಟ್ ಆದರೆ ಬಣ್ಣ ಮೇಲ್ಮೈಯಲ್ಲೇ ಅಂಟಿಕೊಂಡು ಹಿಂಬದಿ ಮಾಸಲಾಗಿರುತ್ತದೆ. ಬೆರಳಾಡಿಸಿದರೆ ಪ್ರಿಂಟ್ ಇರುವ ಜಾಗ ಸ್ವಲ್ಪ ಬಿರುಸು.

ಅಚ್ಚು ಅಚ್ಚು ಸೇರುವ ಜಾಗ ಹುಡುಕಿ. ಅಂಚಿನ ಪಟ್ಟಿಯಲ್ಲಿ ಇದು ಬೇಗ ಸಿಗುತ್ತದೆ, ಮೂಲೆಯಲ್ಲಿ ಇನ್ನೂ ಬೇಗ. ಅಚ್ಚಿನವರು ಕೈಗೆ ಮೆತ್ತೆ ಕಟ್ಟಿಕೊಂಡು ಅಚ್ಚಿನ ಬೆನ್ನಿಗೆ ಗುದ್ದುತ್ತಾರೆ. ಗುದ್ದಿನ ಭಾರ ಪ್ರತಿ ಸಲ ಒಂದೇ ಇರುವುದಿಲ್ಲ. ಒಂದು ಕಡೆ ಗೆರೆ ಒಂದೆಳೆ ಮೇಲೆ ಹತ್ತಿರುತ್ತದೆ, ಇನ್ನೊಂದು ಕಡೆ ಕೂದಲೆಳೆಯಷ್ಟು ಸಂದು. ಕೆಂಪು ತನ್ನ ಕಪ್ಪು ಗೆರೆಯಿಂದ ಸ್ವಲ್ಪ ಆಚೆ ಚೆಲ್ಲಿರುತ್ತದೆ. ಇಲ್ಲೊಂದು ಎಚ್ಚರ: ಈ ತಪ್ಪುಗಳನ್ನೇ ನಕಲು ಮಾಡುವ ಸ್ಕ್ರೀನ್ ಪ್ರಿಂಟ್ ಮಾರುಕಟ್ಟೆಯಲ್ಲಿದೆ. ಹಾಗಾಗಿ ಒಂದು ಹೂವಿನಲ್ಲಿ ಕಂಡ ತಪ್ಪನ್ನು ನೆನಪಿಟ್ಟುಕೊಂಡು ವಿನ್ಯಾಸ ಮರುಕಳಿಸುವ ಮುಂದಿನ ಜಾಗದಲ್ಲಿ ನೋಡಿ. ಅದೇ ಚೆಲ್ಲು ಅದೇ ಅಳತೆಯಲ್ಲಿ ಮತ್ತೆ ಕಂಡರೆ ಅದು ಪರದೆಯ ಕೆಲಸ, ಕೈಯದ್ದಲ್ಲ. ಅಚ್ಚಿನಲ್ಲೇ ಮುರಿದ ದಳವಿದ್ದರೆ ಅದೂ ಪ್ರತಿ ಸಲ ಬರುತ್ತದೆ, ಅದು ಸಹಜ; ಕೈಯಚ್ಚಿನಲ್ಲಿ ಮರುಕಳಿಸದೇ ಇರುವುದು ಬಣ್ಣದ ಚೆಲ್ಲು ಮತ್ತು ಜೋಡಣೆಯ ಸಂದು.

ಇನ್ನೊಂದು ವ್ಯತ್ಯಾಸ, ಇದು ಪೆಡನದ ಮಾಲನ್ನು ಬೇರ್ಪಡಿಸಲು. ಪೆಡನದ ಬಟ್ಟೆ ಹೆಚ್ಚಾಗಿ ಮೀಟರ್ ಲೆಕ್ಕದಲ್ಲಿ ಓಡುವ ವಿನ್ಯಾಸ. ಇಸ್ಫಹಾನಿನದ್ದು ತುಂಡು ಲೆಕ್ಕ: ದುಂಡು, ಚೌಕ, ಆಯತ, ಪ್ರತಿಯೊಂದಕ್ಕೂ ತನ್ನದೇ ಅಂಚು, ಮೂಲೆ, ನಡು. ಬಟ್ಟೆ ಕತ್ತರಿಸಿ ಮಡಿಸಿ ಹೊಲಿದಿರುವ ಅಂಚಿನ ಒಳಗೆ ವಿನ್ಯಾಸ ನುಗ್ಗಿ ಅರ್ಧಕ್ಕೆ ತುಂಡಾಗಿದ್ದರೆ ಅದು ತುಂಡಿಗೆಂದು ಅಚ್ಚು ಹಾಕಿದ್ದಲ್ಲ.

ಕೊನೆಗೆ ಒದ್ದೆ ಬಿಳಿ ಕರ್ಚೀಫಿನಿಂದ ಒಂದು ಮೂಲೆಯನ್ನು ಹತ್ತು ಸಲ ಉಜ್ಜಿ. ಕಂದು ಛಾಯೆ ತುಸು ಬಂದರೆ ಅದು ಒಗರಿನದ್ದು, ಪರವಾಗಿಲ್ಲ. ಕೆಂಪೋ ನೀಲಿಯೋ ಎದ್ದು ಬಂದರೆ ಬಿಟ್ಟುಬಿಡಿ.

ಮನೆಗೆ ತಂದ ಮೇಲೆ ಕೆಡುವುದು ಹೇಗೆ ಎನ್ನುವುದನ್ನು ಮಾರುವವರು ಹೇಳುವುದಿಲ್ಲ, ನಮ್ಮೂರಿನಲ್ಲಿ ಅದೇ ಮುಖ್ಯ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಒಗರು ಕುಡಿದ ಬಟ್ಟೆಯ ನೆಲ ಬೂದು ಬಣ್ಣಕ್ಕೆ ತಿರುಗುತ್ತದೆ, ಅದರ ಹಳದಿ ಬಣ್ಣ ಪಾಚಿಯ ಛಾಯೆ ಪಡೆಯುತ್ತದೆ. ಕಬ್ಬಿಣ ಒಗರಿನ ಜೊತೆ ಸೇರಿದರೆ ಕಪ್ಪಾಗುವುದು ಅದರ ಗುಣ, ಆ ಕಪ್ಪು ಗೆರೆ ಮೂಡಿದ್ದೇ ಹಾಗೆ. ಬಕೆಟ್ಟಿನ ತಳದಲ್ಲಿ ಕಂದು ಪುಡಿ ನಿಲ್ಲುವ ನೀರಾದರೆ ಅದರಲ್ಲಿ ನೆನೆಸಲೇಬೇಡಿ. ಕಾವೇರಿ ನೀರೋ ಫಿಲ್ಟರ್ ನೀರೋ ಹಿಡಿದಿಡಿ. ತುಕ್ಕು ಹಿಡಿದ ತಂತಿಯ ಮೇಲೆ ಒಣಗಿಸಿದರೆ ಗೆರೆ ಶಾಶ್ವತ. ನಿಂಬೆರಸ, ವಿನಿಗರ್ ಬಿದ್ದ ಕಡೆ ಕಪ್ಪು ಕರಗಿ ಮಾಸುತ್ತದೆ, ಕೆಂಪು ಕಿತ್ತಳೆಯತ್ತ ಸರಿಯುತ್ತದೆ. ಊಟದ ಮೇಜಿಗೆ ಹಾಸಿದ್ದರೆ ಹುಣಸೆಹಣ್ಣಿನ ಸಾರಿನದ್ದೂ ಇದೇ ಕಥೆ. ಚೆಲ್ಲಿದ ತಕ್ಷಣ ಒರೆಸದೆ, ಒಣ ಬಟ್ಟೆ ಒತ್ತಿ ಹೀರಿಸಿ, ಆ ಜಾಗಕ್ಕೆ ಬರೀ ತಣ್ಣೀರು ಹಾಯಿಸಿ. ಅರಿಶಿನದ ಕಲೆಗೆ ಡಿಟರ್ಜೆಂಟ್ ಪುಡಿ ಹಾಕಿದರೆ ಕ್ಷಾರಕ್ಕೆ ಅದು ಕೆಂಪಗಾಗಿ ಹರಡುತ್ತದೆ. ಅಂಟುವಾಳಕಾಯಿ ನೀರಿನಲ್ಲಿ ತೊಳೆದು, ಕಲೆಯ ಭಾಗವನ್ನಷ್ಟೇ ಬೆಳಗಿನ ಬಿಸಿಲಿಗೆ ತೋರಿಸಿದರೆ ಅರಿಶಿನ ತಾನಾಗಿ ತಿಳಿಯಾಗುತ್ತದೆ. ಬ್ಲೀಚ್ ಹನಿ ಸೋಕಿದರೆ ಬಟ್ಟೆ ಹೋಯಿತೆಂದೇ ಲೆಕ್ಕ.

ಹಳೆಯ ಖಲಮ್‌ಕಾರ್ ಕೊಳ್ಳುವವರು ಕಪ್ಪು ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಕಬ್ಬಿಣ ವರ್ಷಗಟ್ಟಲೆ ಹತ್ತಿಯನ್ನು ತಿನ್ನುತ್ತದೆ; ಬಟ್ಟೆಯ ಉಳಿದ ಭಾಗ ಗಟ್ಟಿಯಾಗಿದ್ದರೂ ಗೆರೆಯ ಉದ್ದಕ್ಕೂ ಸಣ್ಣ ಸೀಳು ಬಿದ್ದಿರುತ್ತದೆ. ಗೆರೆ ಎಲ್ಲ ಕಡೆ ಗಟ್ಟಿಯಾಗಿದ್ದೂ ‘ನೂರು ವರ್ಷ ಹಳೆಯದು’ ಎಂದರೆ ನಂಬುವ ಮೊದಲು ಯೋಚಿಸಿ.

ಬೆಲೆಯ ಬಗ್ಗೆ ಒಂದು ಅಂದಾಜು: ಅದೇ ಅಳತೆಯ ಒಳ್ಳೆಯ ಪೆಡನ ಬಟ್ಟೆಗೆ ಎಷ್ಟಾಗುತ್ತದೋ ಅದರ ಮೂರು ಪಟ್ಟಿನವರೆಗೆ ಕೊಡಬಹುದು. ಅದಕ್ಕಿಂತ ಮೇಲೆ ಹೋಗಬೇಕಾದರೆ ಅಚ್ಚು ಅಷ್ಟು ಸೂಕ್ಷ್ಮವಾಗಿರಬೇಕು, ಅಂದರೆ ಎಲೆಯ ನರಗಳೂ ಬಿಡಿಬಿಡಿಯಾಗಿ ಕಾಣಬೇಕು.

ತೆರ್ಮೆ: ಚೆಂದ, ಆದರೆ ಲೈನಿಂಗ್ ಕೆಳಗೆ ಇಣುಕಿ

ತೆರ್ಮೆ ಯಜ್ದಿನ ಹೆಮ್ಮೆ. ಪರ್ಷಿಯಾವನ್ನು ಸಫವಿ ಮನೆತನ ಆಳಿದ ಕಾಲದಲ್ಲಿ, ಅಂದರೆ 1501ರಿಂದ 1736ರವರೆಗಿನ ಅವಧಿಯಲ್ಲಿ, ಯಜ್ದ್ ಮತ್ತು ಕಾಶಾನ್ ರೇಷ್ಮೆ ನೇಯ್ಗೆಗೆ ಹೆಸರಾದ ಊರುಗಳು. ಜರಿಯ ಜರ್‌ಬಾಫ್ತ್, ಮಖಮಲ್, ಎಲ್ಲಕ್ಕೂ ಬೇಕಾದ ನಕ್ಷೆ ಕಟ್ಟುವ ವಿದ್ಯೆ ಅಲ್ಲಿ ಪಳಗಿತ್ತು. 16ನೇ ಶತಮಾನದ ಕೊನೆಯ ಹೊತ್ತಿಗೆ ಯಜ್ದಿನ ಘಿಯಾಸ್ ಅಲ್-ದೀನ್ ಅಲಿ ತನ್ನ ಹೆಸರನ್ನೇ ಬಟ್ಟೆಯಲ್ಲಿ ನೇಯುವಷ್ಟು ದೊಡ್ಡ ನಕ್ಷೆಗಾರ. ನಕ್ಷೆ ಕಟ್ಟುವುದೆಂದರೆ ಕಾಗದದ ಮೇಲಿನ ಹೂವನ್ನು ಹಾಸಿನ (ಉದ್ದದ) ಎಳೆಗಳ ಲೆಕ್ಕಕ್ಕೆ ಇಳಿಸಿ, ಯಾವ ಹೊಕ್ಕಿಗೆ (ಅಡ್ಡ ಎಳೆಗೆ) ಯಾವ ಎಳೆ ಏಳಬೇಕು ಎಂಬುದನ್ನು ದಾರದ ಗಂಟುಗಳಲ್ಲಿ ಕಟ್ಟಿಡುವುದು. ಮಗ್ಗದ ಮೇಲೆ ಕುಳಿತ ಸಹಾಯಕ ಆ ದಾರಗಳನ್ನು ಕ್ರಮವಾಗಿ ಎಳೆಯುತ್ತಾನೆ, ಕೆಳಗೆ ನೇಕಾರ ಲಾಳಿ ಓಡಿಸುತ್ತಾನೆ. ಇಬ್ಬರೂ ಸೇರಿ ದಿನವಿಡೀ ದುಡಿದರೆ ಕೈಮಗ್ಗದ ತೆರ್ಮೆ 25ರಿಂದ 30 ಸೆಂಟಿಮೀಟರ್ ಏರುತ್ತದೆ. ಲಿಯಾನಿನ ಜಕಾರ್ಡ್ 1804ರಲ್ಲಿ ಆ ಮೇಲಿನವನ ಕೆಲಸವನ್ನು ತೂತು ಕೊರೆದ ರಟ್ಟಿನ ಪಟ್ಟಿಗೆ ಒಪ್ಪಿಸಿದ. ನಮ್ಮ ಕಬ್ಬನ್‌ಪೇಟೆಯ ಮಗ್ಗಗಳ ನೆತ್ತಿಯ ಮೇಲೆ ಕೂತಿರುವುದೂ ಅದೇ ಜಕಾರ್ಡ್ ಪೆಟ್ಟಿಗೆ.

ಬೆಂಗಳೂರಿಗೆ ಬರುವ ತೆರ್ಮೆ ಯಂತ್ರದ್ದು. ಕೈಮಗ್ಗದ್ದು ಎಂದು ಯಾರಾದರೂ ಹೇಳಿದರೆ, ಮೇಲಿನ ಲೆಕ್ಕ ಹಾಕಿ: 1.5 ಮೀಟರ್ ರನ್ನರ್‌ಗೆ ಇಬ್ಬರ ಐದಾರು ದಿನದ ಕೂಲಿ, ಮಗ್ಗಕ್ಕೆ ನಕ್ಷೆ ಕಟ್ಟಿದ ಖರ್ಚು ಬೇರೆ. ಹೇಳುವ ಬೆಲೆ ಅದಕ್ಕೆ ಸರಿಹೊಂದುತ್ತದೆಯೇ? ಯಂತ್ರದ್ದು ಎಂದ ಮಾತ್ರಕ್ಕೆ ಕೆಟ್ಟದ್ದೂ ಅಲ್ಲ. ಒಳ್ಳೆಯ ಯಂತ್ರದ ತೆರ್ಮೆಯಲ್ಲಿ ಜುಜುಬೆ ಹಣ್ಣಿನ ಕೆಂಪು, ಹಸಿರು, ಕಿತ್ತಳೆ, ಕಪ್ಪು ಒಂದಕ್ಕೊಂದು ಅಂಟಿಕೊಳ್ಳದೆ ನಿಲ್ಲುತ್ತವೆ. ಬುಟ್ಟಾದ ಬಾಗಿದ ತುದಿ ಮೆಟ್ಟಿಲು ಮೆಟ್ಟಿಲಾಗದೆ ನಯವಾಗಿ ತಿರುಗುತ್ತದೆ. ತುದಿಯ ಆ ಬಾಗನ್ನು ಹತ್ತಿರ ಹಿಡಿದು ನೋಡಿ. ಎಳೆ ಕಡಿಮೆ ಇರುವ ಅಗ್ಗದ ಮಾಲಿನಲ್ಲಿ ಹಲ್ಲು ಹಲ್ಲಾಗಿ ಕಾಣುತ್ತದೆ.

ತೊಂದರೆ ಏನೆಂದರೆ ರನ್ನರ್‌ಗಳಿಗೆ ಸ್ಯಾಟಿನ್ ಲೈನಿಂಗ್ ಹಾಕಿ, ಸುತ್ತ ಚಿನ್ನದ ಬಣ್ಣದ ಲೇಸ್ ಹೊಲಿದು ಹಿಂಬದಿಯನ್ನೇ ಮುಚ್ಚಿರುತ್ತಾರೆ. ಮೂಲೆಯಲ್ಲಿ ಲೈನಿಂಗ್ ಹೊಲಿಗೆ ಎರಡು ಬೆರಳಗಲ ಬಿಚ್ಚಿ ತೋರಿಸಲು ಕೇಳಿ. ಮತ್ತೆ ಕೈಹೊಲಿಗೆ ಹಾಕಿಕೊಡಲು ಎರಡು ನಿಮಿಷ ಸಾಕು. ಒಳಗೆ ಬಣ್ಣದ ಹೊಕ್ಕು ಎಳೆಗಳು ಕೆಲಸವಿಲ್ಲದ ಕಡೆ ತೇಲುತ್ತಿರುತ್ತವೆ. ಅವು ದಟ್ಟವಾಗಿ, ಹಾಸಿನ ಎಳೆಗೆ ಆಗಾಗ ಕಟ್ಟಿಕೊಂಡು ಓಡಿದ್ದರೆ ಬಟ್ಟೆ ಬಾಳಿಕೆ ಬರುತ್ತದೆ. ಬೆರಳುದ್ದ ತೇಲಿ ಬಿದ್ದಿದ್ದರೆ ಅಥವಾ ಮೋಟಾಗಿ ಕತ್ತರಿಸಿ ಬಿಟ್ಟಿದ್ದರೆ ಮೊದಲ ಒಗೆತಕ್ಕೇ ಮುಂಬದಿಯ ಬುಟ್ಟಾದಿಂದ ಎಳೆ ಜಾರುತ್ತದೆ.

ಕಾಶ್ಮೀರದ ಕಾನಿ ಶಾಲನ್ನು ‘ಪರ್ಷಿಯನ್ ತೆರ್ಮೆ’ ಎಂದೋ, ತೆರ್ಮೆಯನ್ನು ‘ಕಾನಿ’ ಎಂದೋ ತೋರಿಸುವುದುಂಟು. ಕಾನಿಯಲ್ಲಿ ಪ್ರತಿ ಬಣ್ಣದ ಹೊಕ್ಕು ತನ್ನ ಜಾಗದಲ್ಲೇ ಸಣ್ಣ ಮರದ ಕಡ್ಡಿಯಿಂದ ಓಡಿ ಪಕ್ಕದ ಬಣ್ಣಕ್ಕೆ ಕೊಂಡಿ ಹಾಕಿ ಹಿಂತಿರುಗುತ್ತದೆ. ಆದ್ದರಿಂದ ಹಿಂಬದಿಯಲ್ಲಿ ತೇಲುವ ಎಳೆ ಇರುವುದಿಲ್ಲ, ಬಣ್ಣ ಸೇರುವಲ್ಲಿ ಸಣ್ಣ ಏಣು ಮಾತ್ರ ಬೆರಳಿಗೆ ಸಿಗುತ್ತದೆ. ಹಿಂಬದಿ ತಿರುಗಿಸಿದ ಕೂಡಲೇ ವಾದ ಮುಗಿಯುತ್ತದೆ.

ನೂಲಿನ ವಿಷಯ. ಹಳೆಯ ತೆರ್ಮೆ ಉಣ್ಣೆ ಮತ್ತು ರೇಷ್ಮೆಯದ್ದು. ಈಗಿನದ್ದರಲ್ಲಿ ವಿಸ್ಕೋಸ್, ಪಾಲಿಯೆಸ್ಟರ್, ಅಕ್ರಿಲಿಕ್ ಬೆರಕೆ ಮಾಮೂಲು. ಕುಚ್ಚಿನಿಂದ ಒಂದೆಳೆ ಕಿತ್ತು ಸುಡಲು ಅನುಮತಿ ಕೇಳಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಕಾಗದದಂತೆ ಉರಿದು ಬೂದಿ ಹಾರಿದರೆ ವಿಸ್ಕೋಸ್. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ ಅಥವಾ ಉಣ್ಣೆ. ಹಾಸು ಹೊಕ್ಕು ಎರಡನ್ನೂ ಬೇರೆ ಬೇರೆ ಸುಡಬೇಕು. ಹಾಸಿನ ಎಳೆಯೇ ಕುಚ್ಚಾಗಿ ಇಳಿದಿರುತ್ತದೆ, ಹೊಕ್ಕು ನೋಡಲು ಲೈನಿಂಗ್ ಬಿಚ್ಚಿದ ಮೂಲೆಯಿಂದ ತೆಗೆಯಿರಿ. ‘ಸಿಲ್ಕ್ ತೆರ್ಮೆ’ ಎಂಬ ಚೀಟಿ ಇದ್ದೂ ಎರಡೂ ಕರಗಿದರೆ ಚೌಕಾಸಿ ಮಾಡದೆ ಅಲ್ಲಿಂದ ಹೊರಡಿ.

ಕೆಲವು ರನ್ನರ್‌ಗಳ ಮೇಲೆ ಸೆರ್ಮೆ ಕಸೂತಿ ಇರುತ್ತದೆ: ಸುರುಳಿ ಸುತ್ತಿದ ಲೋಹದ ತಂತಿಯನ್ನು ತುಂಡು ಮಾಡಿ ಮಣಿಯಂತೆ ಪೋಣಿಸಿ ಹೊಲಿದದ್ದು. ನಮ್ಮ ಮಗ್ಗಂ ವರ್ಕ್ ಮಾಡುವವರು ಜರ್ದೋಸಿ ಎಂದು ಬ್ಲೌಸಿಗೆ ಹಾಕುವುದೂ ಇದೇ ತಂತಿ, ಹಾಗಾಗಿ ಸಡಿಲವಾದರೆ ರಿಪೇರಿಗೆ ಬೇರೆಲ್ಲೂ ಹೋಗಬೇಕಿಲ್ಲ. ಇಂಥದ್ದನ್ನು ರೋಲ್ ಪ್ರೆಸ್‌ಗೆ ಮಾತ್ರ ಕೊಡಬೇಡಿ, ಸುರುಳಿ ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ.

ತೆರ್ಮೆಯಲ್ಲಿ ಕುರ್ತಾ, ಬ್ಲೌಸ್ ಹೊಲಿಸುವ ಆಸೆ ಅನೇಕರಿಗೆ. ಒಳಗಿನ ತೇಲುವ ಎಳೆ ಉಂಗುರಕ್ಕೆ, ಬಳೆಗೆ ಸಿಕ್ಕಿ ಎಳೆಯುತ್ತದೆ, ಡಾರ್ಟ್ ಹಾಕಿದ ಕಡೆ ದಪ್ಪನಾಗಿ ಉಬ್ಬುತ್ತದೆ, ಕಂಕುಳ ಹೊಲಿಗೆ ಬೆವರಿಗೆ ಜಾರುತ್ತದೆ. ವೇಸ್ಟ್‌ಕೋಟ್ ಸರಿ, ಯಾಕೆಂದರೆ ಅದಕ್ಕೆ ತೋಳಿಲ್ಲ, ಮೈಗೆ ಬಿಗಿಯೂ ಇಲ್ಲ. ಹೊಲಿಸುವಾಗ ಟೈಲರ್‌ಗೆ ಇಷ್ಟು ಹೇಳಿ: ಕತ್ತರಿಸುವ ಮೊದಲೇ ಹಿಂಬದಿಗೆ ತೆಳು ಫ್ಯೂಸಿಂಗ್ ಅಂಟಿಸಬೇಕು, ಆಗ ಎಳೆ ಬಿಚ್ಚುವುದಿಲ್ಲ, ಹೊಲಿಗೆಗೆ 2 ಸೆಂಟಿಮೀಟರ್ ಬಿಡಬೇಕು, ಅಂಚಿಗೆ ಓವರ್‌ಲಾಕ್ ಆಗಬೇಕು, ಒಳಗೆ ಪೂರ್ತಿ ಲೈನಿಂಗ್ ಬರಬೇಕು. ಬುಟ್ಟಾಗಳಿಗೆ ಮೇಲು ಕೆಳಗು ಇದೆ, ಹಾಗಾಗಿ ಎಲ್ಲ ತುಂಡುಗಳೂ ಒಂದೇ ದಿಕ್ಕಿಗೆ ಬರಬೇಕು. ಎಡ ಬಲ ಎದುರುಬದುರು ಕೂಡಿಸಲು ಒಂದು ಪೂರ್ತಿ ಮರುಕಳಿಕೆಯಷ್ಟು ಬಟ್ಟೆ ಹೆಚ್ಚು ಬೇಕು. ಇದನ್ನು ಲೆಕ್ಕ ಹಾಕದೆ ಕೊಂಡರೆ ಬೆನ್ನ ಮೇಲೆ ಮಾವಿನಕಾಯಿ ತಲೆಕೆಳಗಾಗುತ್ತದೆ.

ಬ್ರೊಕೇಡ್ ಕವರ್

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಫವಿ ಜರ್‌ಬಾಫ್ತ್‌ನಲ್ಲಿ ಜರಿ ಎಂದರೆ ಲೋಹದ ತೆಳು ಪಟ್ಟಿಯನ್ನು ರೇಷ್ಮೆ ಎಳೆಗೆ ಸುತ್ತಿದ್ದು. ನಿಮ್ಮ ಕೈಗೆ ಬರುವ ಕವರ್‌ನಲ್ಲಿ ಇರುವುದು ಬಣ್ಣ ಬಳಿದ ಪ್ಲಾಸ್ಟಿಕ್ ಪೊರೆಯ ಜರಿ. ಒಂದೆಳೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಸುತ್ತಿದ ನೂಲೇ ಇರುವುದಿಲ್ಲ, ಪಟ್ಟಿ ಪಾರದರ್ಶಕವಾಗುತ್ತದೆ. ಬೇಟೆಗಾರ, ಬಟ್ಟಲು ಹಿಡಿದ ಯುವಕ, ಜಿಂಕೆಗಳ ಚಿತ್ರವಿರುವ ಸಫವಿ ಮಖಮಲ್‌ನ ನಕಲು ಎಂದು ಬರುವ ವೆಲ್ವೆಟ್ ಕವರ್‌ಗಳಲ್ಲಿ ಚಿತ್ರ ಕೂದಲ ಮೇಲೆ ಪ್ರಿಂಟ್ ಆದದ್ದು. ಕೂದಲನ್ನು ಬೆರಳಿನಿಂದ ಬಿಡಿಸಿದರೆ ಬುಡದಲ್ಲಿ ಬಿಳಿ ಕಾಣುತ್ತದೆ. ಹಳೆಯ ನೇಕಾರರು ಮಖಮಲ್‌ನ ಕೂದಲಿನ ಎಳೆಯನ್ನೇ ಬೇಕಾದ ಕಡೆ ಬೇರೆ ಬಣ್ಣಕ್ಕೆ ಬದಲಿಸುತ್ತಿದ್ದರು. ಬುಡದಿಂದ ತುದಿಯವರೆಗೆ ಅದೇ ಬಣ್ಣ. ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಬ್ರೊಕೇಡ್ ಕೊಂಡು ಕವರ್ ಹೊಲಿಸಿಕೊಂಡರೆ ಇದೇ ಮಾಲು ಅಗ್ಗವಾಗಿ ಆಗುತ್ತದೆ.

ಕಫ್ತಾನ್: ಚಿತ್ರ ಅಲ್ಲಿಯದು, ಬಟ್ಟೆ ಅಲ್ಲ

ಪಾಲಿಯೆಸ್ಟರ್ ಸ್ಯಾಟಿನ್ ಮೇಲೆ ಮುತ್ತಿನ ಸಾಲಿನ ವೃತ್ತ, ಅದರೊಳಗೆ ನವಿಲಿನ ಬಾಲದ, ನಾಯಿಯ ಮುಖದ ಸಿಮುರ್ಗ್ ಎಂಬ ಪುರಾಣದ ಹಕ್ಕಿ. ಈ ವಿನ್ಯಾಸ ಸಸಾನಿ ಕಾಲದ ಪರಂಪರೆಯದು, 224ರಿಂದ 651ರವರೆಗೆ ಆಳಿದ ಮನೆತನ ಅದು. ಕೆರ್ಮಾನ್‌ಶಾಹ್ ಬಳಿಯ ತಾಕ್-ಎ-ಬೊಸ್ತಾನ್ ಬಂಡೆಯಲ್ಲಿ ರಾಜನ ಅಂಗಿಯ ಮೇಲೆ ಸಿಮುರ್ಗ್ ಕೆತ್ತಿದ್ದಾರೆ. ಕಾಕಸಸ್ ಬೆಟ್ಟದ ಗೋರಿಯೊಂದರಲ್ಲಿ ಸಿಕ್ಕ, ಸಿಮುರ್ಗ್ ತುಂಬಿದ ರೇಷ್ಮೆಯ ಕಫ್ತಾನ್ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್‌ನಲ್ಲಿದೆ. ಇಂಥ ರೇಷ್ಮೆಯಲ್ಲಿ ಎರಡು ಬಣ್ಣದ ಹೊಕ್ಕು ಜೊತೆಜೊತೆಗೆ ಓಡಿ, ಒಂದು ಮೇಲೆ ಬಂದಾಗ ಇನ್ನೊಂದು ಕೆಳಗೆ ಸರಿಯುತ್ತದೆ, ಹಾಸು ಎರಡರ ನಡುವೆ ಅಡಗುತ್ತದೆ. ಹೀಗಾಗಿ ಮುಂಬದಿಯಲ್ಲಿ ನೀಲಿಯ ಮೇಲೆ ಹಳದಿ ಹಕ್ಕಿಯಾದರೆ ಹಿಂಬದಿಯಲ್ಲಿ ಹಳದಿಯ ಮೇಲೆ ನೀಲಿ ಹಕ್ಕಿ. ಡಿಜಿಟಲ್ ಪ್ರಿಂಟಿನ ಹಿಂಬದಿಯಲ್ಲಿ ಮಾಸಲು ನೆರಳು, ಅಷ್ಟೇ.

ಹೊಲಿಗೆಯ ವಿಷಯಕ್ಕೆ ಬಂದರೆ ಇನ್ನೂ ಬೇಸರ. ಪ್ರಾಚೀನ ಪರ್ಷಿಯಾದ ರಾಜಧಾನಿ ಪರ್ಸೆಪೊಲಿಸ್‌ನ ಅಪಾದಾನ ಎಂಬ ಸಭಾಭವನದ ಮೆಟ್ಟಿಲ ಬದಿಯ ಶಿಲ್ಪಗಳಲ್ಲಿ ಎರಡು ಉಡುಪು ಪಕ್ಕಪಕ್ಕ ಇವೆ. ಪರ್ಷಿಯನ್ನರದ್ದು ನೆರಿಗೆಯ ಅಗಲ ನಿಲುವಂಗಿ. ಮೀಡ್ ಜನರದ್ದು ಮೊಣಕಾಲುದ್ದದ ಅಂಗಿ, ಬಿಗಿ ಶರಾಯಿ, ಹೆಗಲ ಮೇಲೆ ತೋಳು ತೂಗುವ ಕೋಟು. ಕುದುರೆ ಸವಾರಿಗೆ ಹೊಂದಿದ ಎರಡನೆಯದೇ ಮುಂದಿನ ಕಾಲದ ದಾರಿ ಹಿಡಿಯಿತು. ಆ ಕೋಟಿನ ಮುಂದಿನ ತಲೆಮಾರುಗಳು ದಖ್ಖನ್ನಿಗೂ ಬಂದವು. ಹೆರಾತಿನ ದೊರೆ ಶಾರುಖ್‌ನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದಾಗ ಇಮ್ಮಡಿ ದೇವರಾಯ ಸ್ಯಾಟಿನ್ ನಿಲುವಂಗಿ ತೊಟ್ಟಿದ್ದನ್ನು ಬರೆದಿಟ್ಟಿದ್ದಾನೆ. ಆಸ್ಥಾನದ ಗಂಡಸರ ಕಬಾಯಿ ಎಂಬ ನಿಲುವಂಗಿ, ಎತ್ತರದ ಕುಲ್ಲಾಯಿ ಟೋಪಿ ಹೇಗಿದ್ದವು ಎಂದು ನೋಡಬೇಕಾದರೆ ಲೇಪಾಕ್ಷಿಯ ವೀರಭದ್ರ ದೇವಸ್ಥಾನದ ಚಾವಣಿಗೆ ಕತ್ತೆತ್ತಿ. ಬೆಂಗಳೂರಿನಿಂದ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸಾಗಬಹುದು. ಪರ್ಷಿಯನ್ ಉಡುಪಿನಲ್ಲಿ ಆಸಕ್ತಿ ಇರುವವರು ಕಫ್ತಾನ್ ಕೊಳ್ಳುವ ಮೊದಲು ಆ ಚಿತ್ರಗಳನ್ನು ನೋಡಿ ಬರುವುದು ಒಳ್ಳೆಯದು.

ಹಳೆಯ ಕಫ್ತಾನ್‌ಗಳ ಕತ್ತರಿ ಲೆಕ್ಕವೂ ಮಗ್ಗದ ಅಗಲದಿಂದಲೇ ಹೊರಡುತ್ತದೆ. ಮೈಗೆ ನೇರ ಪಟ್ಟಿಗಳು, ಬದಿಗೆ ತ್ರಿಕೋನದ ಕಳಿ, ಕಂಕುಳಲ್ಲಿ ಚಿಕ್ಕ ಚೌಕದ ತುಂಡು. ಬಟ್ಟೆ ವ್ಯರ್ಥವಾಗುವುದಿಲ್ಲ, ತೋಳೆತ್ತಿದರೆ ಪಕ್ಕ ಹರಿಯುವುದಿಲ್ಲ. ಅಂಗಡಿಯ ಕಫ್ತಾನ್ ಎಂದರೆ ಎರಡು ಆಯತವನ್ನು ಬದಿಯಲ್ಲಿ ಹೊಲಿದು ಸೊಂಟಕ್ಕೆ ಲಾಡಿ ಹಾಕಿದ್ದು. ನಿಮಗೆ ಆ ರೂಪವೇ ಬೇಕಿದ್ದರೆ 3.5 ಮೀಟರ್ ಪೆಡನ ಕಲಂಕಾರಿಯನ್ನೋ ಮೃದು ಖಾದಿಯನ್ನೋ ಕೊಂಡು, ಕಳಿದಾರ್ ಕುರ್ತಾ ಹೊಲಿಯಬಲ್ಲ ಟೈಲರ್‌ಗೆ ಕೊಡಿ. ಮುಂದೆ ಪೂರ್ತಿ ಬಿಚ್ಚಿಕೊಳ್ಳುವಂತೆ, ಎಡ ಮಗ್ಗುಲಿನ ಮೇಲೆ ಬಲ ಮಗ್ಗುಲು ಒಂದು ಗೇಣು ಹತ್ತುವಂತೆ, ಕಂಕುಳಿಗೆ 10 ಸೆಂಟಿಮೀಟರ್ ಚೌಕ ಇಡುವಂತೆ ಹೇಳಿ. ಆ ಚೌಕ ಬೇಡ ಎಂದು ಟೈಲರ್ ವಾದಿಸುತ್ತಾರೆ. ಬಿಡಬೇಡಿ, ಇಡೀ ಅಂಗಿ ನಿಲ್ಲುವುದು ಅದರ ಮೇಲೆ.

ಬಿಲ್ಲು ಮತ್ತು ಬೀರು

ಬಿಲ್ಲಿನ ಮೇಲೆ ಬರೀ ‘ಪರ್ಷಿಯನ್ ಕ್ಲಾತ್’ ಎಂದು ಬರೆಸಿಕೊಳ್ಳಬೇಡಿ. ತಯಾರಾದ ದೇಶ, ನೂಲು, ಕೈಯಚ್ಚೋ ಯಂತ್ರವೋ ಎಂಬ ಮೂರು ಮಾತು ಬರೆಯಲು ಕೇಳಿ. ಬಾಯಲ್ಲಿ ಇರಾನ್ ಎಂದವರು ಬಿಲ್ಲಿನಲ್ಲಿ ಬರೆಯಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಂತೆಯೇ.

ಜೂನ್‌ನಿಂದ ನವೆಂಬರ್‌ವರೆಗಿನ ತೇವದಲ್ಲಿ ಬೀರು ಎರಡು ರೀತಿ ಕೆಡಿಸುತ್ತದೆ. ವಿಸ್ಕೋಸ್, ಗಂಜಿ ಇರುವ ಹತ್ತಿಗೆ ಸಿಲ್ವರ್‌ಫಿಶ್ ಹುಳು, ಉಣ್ಣೆಗೆ ನುಸಿ. ಖಲಮ್‌ಕಾರನ್ನು ಗಂಜಿ ಹಾಕದೆ, ಇಸ್ತ್ರಿ ಮಾಡಿ ಹಳೆ ಬಿಳಿ ಪಂಚೆಯಲ್ಲಿ ಸುತ್ತಿಡಿ. ಕಬ್ಬಿಣದ ಬೀರುವಿನ ತಟ್ಟೆಗೆ ನೇರ ತಾಗಬಾರದು. ತೆರ್ಮೆಯನ್ನು ಮಡಿಸದೆ ರಟ್ಟಿನ ಕೊಳವೆಗೆ, ಲೈನಿಂಗ್ ಒಳಗೆ ಬರುವಂತೆ ಸುತ್ತಿ. ನುಸಿಗುಳಿಗೆ ಜರಿಗೂ ಸೆರ್ಮೆಗೂ ತಾಗದಂತೆ ಬೇರೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಒಣಗಿದ ಬಜೆ ಸಿಕ್ಕರೆ ಅದೇ ಸಾಕು. ಮಳೆಗಾಲ ಮುಗಿದ ಮೇಲೆ ಒಮ್ಮೆ ಹೊರತೆಗೆದು, ನೆರಳಿನಲ್ಲಿ ಹಿಂಬದಿ ಮೇಲಾಗಿ ಹರಡಿ, ಅರ್ಧ ದಿನ ಗಾಳಿಯಾಡಿಸಿ, ಮಡಿಸಿಟ್ಟಿದ್ದನ್ನು ಹಳೆಯ ಮಡಿಕೆ ಬಿಟ್ಟು ಬೇರೆ ಜಾಗದಲ್ಲಿ ಮಡಿಸಿ.